ಹೆರಿಗೆ ಕೋಣೆಯಲ್ಲಿ ಜೊತೆಗಿರುವ ಕೆಲಸ: ಕೊಡಗಿನಲ್ಲಿ ಡೂಲಾ ಆಗುವುದೆಂದರೆ

ಕೊಡಗಿನಲ್ಲಿ ಬಸುರಿಯ ಸುತ್ತ ಜನರಿಗೇನೂ ಕೊರತೆಯಿಲ್ಲ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸಿಕೊಡುತ್ತಾರೆ, ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಊಟ ಇರುತ್ತದೆ, ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ, ಹೆರಿಗೆಯಾದ ಮೇಲೆ ತವರಿನ ಬಾಣಂತನ ಕಾದಿರುತ್ತದೆ. ಈ ಸಾಲಿನಲ್ಲಿ ಎರಡು ಕಡೆ ಮಾತ್ರ ತೆರಪು ಉಳಿಯುತ್ತದೆ. ಹೆರಿಗೆ ಕೋಣೆಯ ಬಾಗಿಲು ಮುಚ್ಚಿದ ಮೇಲೆ ನೋವು ತಿನ್ನುವ ಗಂಟೆಗಳು ಒಂದು; ಮಗುವಿಲ್ಲದೆ ಮನೆಗೆ ಮರಳಿದ ಹೆಣ್ಣಿನ ಮೊದಲ ಕೆಲವು ವಾರಗಳು ಇನ್ನೊಂದು. ಡೂಲಾ ಎಂದು ಕರೆಯುವ ಕೆಲಸ ಇರುವುದು ಈ ತೆರಪುಗಳಲ್ಲಿ. ಎರಡಕ್ಕೂ ಬೇಕಾದ ಗುಣ ಒಂದೇ ಆಗಿರುವುದರಿಂದ, ಸಂತೋಷದ ಹೆರಿಗೆಗಳಿಗೆ ಮಾತ್ರ ಹೋಗುತ್ತೇನೆ ಎನ್ನುವವರು ಈ ಕೆಲಸಕ್ಕೆ ಇಳಿಯದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಡೂಲಾ ಯಾರಲ್ಲ ಎಂಬುದನ್ನು ತಿಳಿಯಬೇಕು. ಆಕೆ ಸೂಲಗಿತ್ತಿಯಲ್ಲ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮನವರಂಥವರು ಹೆರಿಗೆಯನ್ನು ತಮ್ಮ ಕೈಯಿಂದಲೇ ಮಾಡಿಸುತ್ತಿದ್ದರು. ಮಗುವಿನ ತಲೆ ಎತ್ತ ತಿರುಗಿದೆ, ಮಾಸು ಬಿದ್ದಿತೇ ಎಂಬುದೆಲ್ಲ ಅವರ ಹೊಣೆ. ಡೂಲಾಗೆ ಆ ಹೊಣೆಯೂ ಇಲ್ಲ, ಅಧಿಕಾರವೂ ಇಲ್ಲ. ಆಕೆ ನರ್ಸ್ ಅಲ್ಲ, ಆಶಾ ಕಾರ್ಯಕರ್ತೆಯಲ್ಲ, ಮನಶ್ಶಾಸ್ತ್ರಜ್ಞೆಯೂ ಅಲ್ಲ. ರಕ್ತದೊತ್ತಡ ನೋಡುವುದು, ಒಳಪರೀಕ್ಷೆ ಮಾಡುವುದು, ಮಗುವಿನ ಎದೆಬಡಿತ ಕೇಳುವುದು, ಮಾತ್ರೆ ಅಥವಾ ಕಷಾಯ ಸೂಚಿಸುವುದು ಯಾವುದೂ ಆಕೆಯ ಕೆಲಸವಲ್ಲ. ಹಾಗಾದರೆ ಉಳಿಯುವುದೇನು? ನೋವು ಶುರುವಾದಾಗಿನಿಂದ ಮಗು ಎದೆಗೆ ಬರುವವರೆಗೆ, ಪಾಳಿ ಬದಲಾದರೂ ಎದ್ದುಹೋಗದೆ, ಒಬ್ಬ ತಾಯಿಯ ಪಕ್ಕದಲ್ಲೇ ಇರುವುದು. ಇಷ್ಟು ಸಾಮಾನ್ಯವಾಗಿ ಕಾಣುವ ಕೆಲಸಕ್ಕೆ ತರಬೇತಿ ಏಕೆ ಬೇಕು ಎಂಬ ಪ್ರಶ್ನೆ ಸಹಜ.

ಇದಕ್ಕೆ ಉತ್ತರ ಸಂಶೋಧನೆಯಿಂದಲೇ ಸಿಗುತ್ತದೆ. 1980ರಲ್ಲಿ ಜಾನ್ ಕೆನೆಲ್, ಮಾರ್ಷಲ್ ಕ್ಲಾಸ್ ಮತ್ತು ಅವರ ಸಂಗಡಿಗರು ಗ್ವಾಟೆಮಾಲಾದ ಆಸ್ಪತ್ರೆಯೊಂದರಲ್ಲಿ ನಡೆಸಿದ ಚಿಕ್ಕ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿ ರೂಢಿಯಂತೆ ಒಂಟಿಯಾಗಿ ನೋವು ತಿನ್ನುತ್ತಿದ್ದ ತಾಯಂದಿರಲ್ಲಿ ಕೆಲವರ ಪಕ್ಕ, ಅವರಿಗೆ ಪರಿಚಯವೂ ಇಲ್ಲದ ಸಾಮಾನ್ಯ ಹೆಂಗಸೊಬ್ಬಳನ್ನು ಕೂರಿಸಲಾಗಿತ್ತು. ಜೊತೆಯಿದ್ದವರ ಹೆರಿಗೆ ಬೇಗ ಮುಗಿಯಿತು, ತೊಡಕುಗಳೂ ಕಡಿಮೆಯಾದವು. ಆ ಬಳಿಕ ಹಲವು ದೇಶಗಳಲ್ಲಿ ಇಂಥ ಪ್ರಯೋಗಗಳು ನಡೆದವು. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2017ರ ಪರಿಶೀಲನೆ 17 ದೇಶಗಳ 26 ಪ್ರಯೋಗಗಳನ್ನೂ 15,000ಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನೂ ಒಟ್ಟಿಗೆ ನೋಡಿತು: ನಿರಂತರ ಜೊತೆ ಸಿಕ್ಕವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಸುಮಾರು ಕಾಲು ಭಾಗದಷ್ಟು ಕಡಿಮೆ, ಹೆರಿಗೆಯ ಅವಧಿ ಸರಾಸರಿ 40 ನಿಮಿಷದಷ್ಟು ಮೊಟಕು, ಕಹಿ ಅನುಭವವಾಯಿತು ಎಂದವರೂ ಕಡಿಮೆ. ಪುರಾವೆಯ ಗುಣಮಟ್ಟ ಎಲ್ಲ ಅಂಶಗಳಲ್ಲಿಯೂ ಒಂದೇ ತೆರನಾಗಿಲ್ಲ ಎಂದು ಅದೇ ಪರಿಶೀಲನೆ ಎಚ್ಚರಿಸುತ್ತದೆ. ಆದ್ದರಿಂದ ಡೂಲಾ ಇದ್ದರೆ ಆಪರೇಷನ್ ತಪ್ಪುತ್ತದೆ ಎಂದು ಯಾವುದೇ ಕುಟುಂಬಕ್ಕೆ ಮಾತು ಕೊಡುವಂತಿಲ್ಲ. ಸುಮಾರು ಮೂರರಲ್ಲಿ ಒಂದು ಹೆರಿಗೆ ಸಿಸೇರಿಯನ್ ಆಗುತ್ತಿರುವ ಕರ್ನಾಟಕದಲ್ಲಿ ಇಂಥ ಮಾತಿಗೆ ಗಿರಾಕಿಗಳು ಬೇಗ ಸಿಗುತ್ತಾರೆ. ಆ ಕಾರಣಕ್ಕೇ ಎಚ್ಚರವೂ ಹೆಚ್ಚು ಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2018ರ ಹೆರಿಗೆ ಮಾರ್ಗಸೂಚಿ, ಪ್ರತಿ ತಾಯಿಗೂ ಆಕೆ ಬಯಸಿದವರು ಜೊತೆಗಿರಬೇಕು ಎನ್ನುತ್ತದೆ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ಕೊಡಲು ತಿಳಿಸಿತು. 2017ರ ಕೊನೆಯಲ್ಲಿ ಆರಂಭವಾದ ಲಕ್ಷ್ಯ ಕಾರ್ಯಕ್ರಮ ಹೆರಿಗೆ ಕೋಣೆಗಳ ಗುಣಮಟ್ಟ ಹೆಚ್ಚಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಸಂಗಾತಿ ಎಂದರೆ ಮುಖ್ಯವಾಗಿ ಹೆತ್ತ ಅನುಭವವಿರುವ ಹೆಂಗಸು. ಮರೆ ಇರುವ ಕಡೆ ಗಂಡನೂ ಆಗಬಹುದು. ಸೋಂಕಿರಬಾರದು, ಶುಚಿಯಾದ ಬಟ್ಟೆ ತೊಟ್ಟಿರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು ಎಂಬುವು ಷರತ್ತುಗಳು. ಡೂಲಾ ಎಂಬ ಹೆಸರಿಗೆ ಪ್ರತ್ಯೇಕ ಸರ್ಕಾರಿ ಪರವಾನಗಿಯೋ ನೋಂದಣಿಯೋ ಭಾರತದಲ್ಲಿಲ್ಲ. ಹೀಗಾಗಿ ಆಕೆ ಒಳಗೆ ಹೋಗುವುದು ಈ ಸಂಗಾತಿಯ ಜಾಗದಲ್ಲಿ, ಆಸ್ಪತ್ರೆ ಒಪ್ಪಿದರೆ ಮಾತ್ರ. ಒಬ್ಬರನ್ನೇ ಬಿಡುವ ಕಡೆ ತಾಯಿಯ ಸ್ವಂತ ಅಮ್ಮ ಒಳಗಿರಲಿ ಎಂದು ಹೊರಗೆ ಕುಳಿತು ಆ ಅಮ್ಮನಿಗೆ ಧೈರ್ಯ ಹೇಳುವ ಡೂಲಾ, ತನ್ನ ಕೆಲಸವನ್ನು ಸರಿಯಾಗಿ ಅರ್ಥಮಾಡಿಕೊಂಡವಳು.

ಒಳಗೆ ಆಕೆ ಮಾಡುವುದು ಬಹಳ ಮಟ್ಟಿಗೆ ಮೈಗೆ ಸಂಬಂಧಿಸಿದ್ದು. ನೋವು ಬಂದಾಗ ಸೊಂಟದ ಕೆಳಗಿನ ಮೂಳೆಯ ಮೇಲೆ ಅಂಗೈಯಿಂದ ಗಟ್ಟಿಯಾಗಿ ಒತ್ತುವುದು, ನೋವು ಇಳಿದಾಗ ಗುಟುಕು ನೀರು ಕುಡಿಸುವುದು, ವೈದ್ಯರು ಬೇಡವೆನ್ನದಿದ್ದರೆ ಮಲಗಿಯೇ ಇರದೆ ಓಡಾಡಲು, ಮಂಡಿಯೂರಲು, ಒಂದು ಮಗ್ಗುಲಿಗೆ ತಿರುಗಲು ನೆರವಾಗುವುದು, ಉಸಿರನ್ನು ಬಿಗಿಹಿಡಿದವಳಿಗೆ ತನ್ನ ಉಸಿರಿನ ಲಯ ತೋರಿಸಿ ನಿಧಾನವಾಗಿ ಬಿಡಿಸುವುದು. ಉಳಿದದ್ದು ಮಾತು. ನರ್ಸ್ ಅವಸರದಲ್ಲಿ ಹೇಳಿದ್ದನ್ನು ಸಮಾಧಾನದಿಂದ ಮತ್ತೆ ಹೇಳುವುದು, ತಾಯಿಗೆ ಕೇಳಬೇಕೆನಿಸಿದ್ದನ್ನು ಆಕೆಯೇ ಕೇಳುವಂತೆ ಮಾಡುವುದು. ಆಕೆಯ ಪರವಾಗಿ ಡೂಲಾ ತಾನೇ ನಿರ್ಧರಿಸುವಂತಿಲ್ಲ, ವೈದ್ಯರ ಜೊತೆ ಜಗಳಕ್ಕೆ ನಿಲ್ಲುವಂತೆಯೂ ಇಲ್ಲ. ಆಸ್ಪತ್ರೆಯೆಂದರೆ ಶತ್ರು ಎಂಬ ಧೋರಣೆ ಕೆಲವು ನಗರಗಳ ಸಹಜ ಹೆರಿಗೆಯ ಬಳಗಗಳಲ್ಲಿ ಕಾಣುತ್ತದೆ. ಗುಡ್ಡಗಾಡಿನ ಜಿಲ್ಲೆಯಲ್ಲಿ, ರಕ್ತಸ್ರಾವ ಶುರುವಾದರೆ ದೊಡ್ಡ ಆಸ್ಪತ್ರೆಗೆ ಗಂಟೆಗಟ್ಟಲೆ ಹಾದಿಯಿರುವಲ್ಲಿ, ಅದು ಅಪಾಯಕಾರಿ ಶೋಕಿ.

ಹಾದಿಯ ಮಾತು ಬಂದದ್ದರಿಂದ ಕೊಡಗಿಗೇ ವಿಶಿಷ್ಟವಾದ ಸಿದ್ಧತೆಯನ್ನೂ ಹೇಳಬೇಕು. ಮಡಿಕೇರಿಯಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆ ಇದೆ, ವಿರಾಜಪೇಟೆ, ಸೋಮವಾರಪೇಟೆ ಮೊದಲಾದ ಕಡೆ ಸರ್ಕಾರಿ ಆಸ್ಪತ್ರೆಗಳಿವೆ. ಆದರೂ ತೊಡಕಿನ ಹೆರಿಗೆಗಳನ್ನು ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೋ ಘಟ್ಟ ಇಳಿಸಿ ಮಂಗಳೂರಿಗೋ ಕಳುಹಿಸುವ ಸಂದರ್ಭಗಳು ಬರುತ್ತವೆ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ–ಮಂಗಳೂರು ರಸ್ತೆಯೇ ಬಂದ್ ಆಗಿದ್ದು ಎಲ್ಲರಿಗೂ ನೆನಪಿದೆ. ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ಕರೆಂಟು, ಫೋನು ಎರಡೂ ಹೋಗುವ ಊರುಗಳಿವೆ. ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟಗಳಲ್ಲಿ ಕತ್ತಲಾದ ಮೇಲೆ ಆನೆಯ ಭಯಕ್ಕೆ ಯಾರೂ ಹೊರಡುವುದಿಲ್ಲ. ಆದ್ದರಿಂದ ಇಲ್ಲಿನ ಡೂಲಾ ಎಂಟನೆಯ ತಿಂಗಳಲ್ಲಿ ಕುಟುಂಬದೊಂದಿಗೆ ಕೂತು ಮಾತಾಡಬೇಕಾದ ಮೊದಲ ವಿಷಯ ಉಸಿರಾಟದ ವ್ಯಾಯಾಮವಲ್ಲ. 108 ವಾಹನ ತೋಟದ ಯಾವ ಗೇಟಿನವರೆಗೆ ಬರುತ್ತದೆ, ಅಲ್ಲಿಯವರೆಗೆ ಜೀಪು ಯಾರದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನ ತುಂಬುವವರು ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಮುಂಚೆಯೇ ಹೋಗಿ ಉಳಿಯಬಹುದೇ ಎಂಬುದು. ಮಗುವಿನ ಚಲನೆ ಕಡಿಮೆಯಾದರೆ, ರಕ್ತ ಕಂಡರೆ, ವಿಪರೀತ ತಲೆನೋವು ಬಂದು ಕಣ್ಣು ಮಂಜಾದರೆ, ಹಸಿರು ಬಣ್ಣದ ನೀರು ಹೋದರೆ ಬೆಳಗಾಗಲಿ ಎಂದು ಕಾಯಬಾರದೆಂಬುದನ್ನು ಅತ್ತೆಗೂ ಗಂಡನಿಗೂ ಮನದಟ್ಟು ಮಾಡಿಸಬೇಕು.

ಭಾಷೆ ಇನ್ನೊಂದು ತೊಡಕು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಎರವ ಮತ್ತು ಕುರುಬ ನುಡಿಗಳು, ಈಗ ತೋಟಕ್ಕೆ ಬಂದಿರುವ ಅಸ್ಸಾಂ ಮತ್ತು ಬಂಗಾಳದ ಕಾರ್ಮಿಕರ ಮಾತು. ಹೆರಿಗೆ ಕೋಣೆಯಲ್ಲಿ ಮಾತ್ರ ಕನ್ನಡ, ನಡುನಡುವೆ ಇಂಗ್ಲಿಷ್. ನೋವಿನ ತುತ್ತತುದಿಯಲ್ಲಿರುವಾಗ ಕಲಿತ ಭಾಷೆ ಕೈಕೊಡುತ್ತದೆ. ತೋಟದ ಕಾರ್ಮಿಕರು ವಾಸಿಸುವ ಲೈನ್‌ಮನೆಯ ಹೆಣ್ಣುಮಗಳಿಗೆ ಆಕೆಯ ಮನೆಮಾತಿನಲ್ಲಿ ನಾಲ್ಕು ಮಾತು ಹೇಳಬಲ್ಲ ಡೂಲಾ, ವಿದೇಶಿ ಪ್ರಮಾಣಪತ್ರ ಹಿಡಿದವರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾಳೆ.

ಇನ್ನು ನಷ್ಟದ ವಿಷಯ. ಇದನ್ನು ಡೂಲಾ ತರಬೇತಿಯ ಕೊನೆಯ ಪಾಠವಾಗಿ, ಕೆಲವೊಮ್ಮೆ ಬೇರೆಯೇ ಕೋರ್ಸ್ ಆಗಿ ಇಡುವುದುಂಟು. ಅದನ್ನು ಮೊದಲೇ ಕಲಿಯಬೇಕು. ಗರ್ಭಧಾರಣೆಗಳಲ್ಲಿ ಒಂದಷ್ಟು ಮೊದಲ ಮೂರು ತಿಂಗಳಲ್ಲೇ ಇಳಿದುಹೋಗುತ್ತವೆ. ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಗಂಭೀರ ದೋಷ ಕಂಡು, 2021ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾಯ್ದೆಯ ಚೌಕಟ್ಟಿನಲ್ಲಿ ಗರ್ಭ ತೆಗೆಸಬೇಕಾಗಿ ಬರುವ ಕುಟುಂಬಗಳಿವೆ. ದಿನ ತುಂಬಿಯೂ ಸತ್ತು ಹುಟ್ಟುವ ಮಕ್ಕಳಿದ್ದಾರೆ. ಗರ್ಭ ತೆಗೆಸಿದವರ ದುಃಖಕ್ಕೆ ಗುಟ್ಟಿನ ಭಾರವೂ ಸೇರಿರುತ್ತದೆ: ಅವರು ಬಯಸಿದ್ದ ಮಗು ಅದು, ಆದರೆ ಹೋಯಿತು ಎಂದು ಅಳಲೂ ಸಂಕೋಚ.

ಎದೆಬಡಿತ ಕೇಳಿಸುತ್ತಿಲ್ಲ ಎಂಬ ಹೊತ್ತಿನಲ್ಲಿ ಡೂಲಾ ಊಹೆ ಮಾಡಬಾರದು, ಸುಳ್ಳು ಭರವಸೆಯನ್ನೂ ಕೊಡಬಾರದು. ಸ್ಕ್ಯಾನ್ ಮಾಡಿ ಸುದ್ದಿ ಹೇಳುವುದು ವೈದ್ಯರ ಕೆಲಸ. ಸುದ್ದಿ ತಿಳಿದೊಡನೆ ಮನೆಯವರು ಸಾಮಾನ್ಯವಾಗಿ ಕೇಳುವುದು, ಆಪರೇಷನ್ ಮಾಡಿ ತೆಗೆದುಬಿಡಿ ಎಂದು. ತಾಯಿಯ ಜೀವಕ್ಕೆ ಬೇರೆ ಅಪಾಯವಿಲ್ಲದಿದ್ದರೆ ವೈದ್ಯರು ಬಹುಪಾಲು ಸಹಜ ಹೆರಿಗೆಯನ್ನೇ ಸೂಚಿಸುತ್ತಾರೆ, ಏಕೆಂದರೆ ಶಸ್ತ್ರಚಿಕಿತ್ಸೆಯ ಗಾಯ ಆಕೆಯ ಮುಂದಿನ ಬಸಿರಿಗೂ ತೊಡಕಾಗಬಹುದು. ಹೀಗಾಗಿ ನೋವು ಬರಿಸಿ ಕಾಯುವ ಒಂದೆರಡು ದಿನ ಎದುರಾಗುತ್ತದೆ. ಆ ಹೆರಿಗೆಯಲ್ಲಿ ಸೊಂಟ ಒತ್ತುವ, ನೀರು ಕುಡಿಸುವ, ಉಸಿರಿನ ಲಯ ಹಿಡಿಸುವ ಕೆಲಸ ಒಂದೂ ಬದಲಾಗುವುದಿಲ್ಲ. ಬದಲಾಗುವುದು ಸುತ್ತಲಿನವರು: ಮಗು ಬರುವುದಿದ್ದರೆ ಸುತ್ತುವರಿಯುತ್ತಿದ್ದವರು ಈಗ ಕಣ್ಣು ತಪ್ಪಿಸುತ್ತಾರೆ. ಪಕ್ಕದ ಹಾಸಿಗೆಗಳಲ್ಲಿ ಹಸುಗೂಸುಗಳು ಅಳುತ್ತಿರುವ ವಾರ್ಡಿನಿಂದ ದೂರದ ಒಂದು ಹಾಸಿಗೆ, ಕನಿಷ್ಠ ಒಂದು ಪರದೆ ಸಿಗುವುದೇ ಎಂದು ನರ್ಸ್ ಅವರನ್ನು ವಿನಯದಿಂದ ಕೇಳುವುದು ಈ ಹೊತ್ತಿನ ದೊಡ್ಡ ನೆರವು.

ಮಗುವನ್ನು ತಾಯಿಗೆ ತೋರಿಸಬೇಕೇ? ನಮ್ಮಲ್ಲಿ ಹಿರಿಯರು ಬೇಡವೆನ್ನುತ್ತಾರೆ. ತಾಯಿಗೆ ಎಚ್ಚರ ಬರುವುದರೊಳಗೆ ಗಂಡಸರು ಒಯ್ದು ಹೂತು ಬರುವುದೂ ಇದೆ. ಸಂಶೋಧನೆಯೂ ಒಂದೇ ದಿಕ್ಕಿನಲ್ಲಿಲ್ಲ. 2002ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಬ್ರಿಟಿಷ್ ಅಧ್ಯಯನವೊಂದರಲ್ಲಿ, ಸತ್ತು ಹುಟ್ಟಿದ ಮಗುವನ್ನು ಎತ್ತಿಕೊಂಡ ತಾಯಂದಿರಲ್ಲಿ ಮುಂದಿನ ಬಸಿರಿನ ವೇಳೆ ಖಿನ್ನತೆ ಹೆಚ್ಚು ಕಂಡಿತ್ತು. ನಂತರದ ಅಧ್ಯಯನಗಳಲ್ಲಿ ನೋಡಿದ ಬಹುತೇಕ ತಾಯಂದಿರು ನೋಡಿದ್ದಕ್ಕೆ ವಿಷಾದಪಡಲಿಲ್ಲ. ಈ ಎರಡನ್ನೂ ಇಟ್ಟು ನೋಡಿದರೆ ಉಳಿಯುವ ದಾರಿ ಒಂದೇ: ಆಕೆಯನ್ನು ಕೇಳುವುದು, ಉತ್ತರಕ್ಕೆ ಸಮಯ ಕೊಡುವುದು, ಬೇಡವೆಂದವಳನ್ನು ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಕೇಳುವುದು, ಯಾವ ಉತ್ತರಕ್ಕೂ ಬಲವಂತ ಮಾಡದಿರುವುದು. ಪಾದದ ಗುರುತು, ಒಂದು ಫೋಟೋ, ಸುತ್ತಿದ್ದ ಬಟ್ಟೆ ಇವುಗಳನ್ನು ಅನುಮತಿ ಪಡೆದು ತೆಗೆದಿಟ್ಟು, ಬೇಕೆಂದಾಗ ಕೊಡುತ್ತೇನೆ ಎಂದು ಹೇಳಿ ಇಟ್ಟುಕೊಳ್ಳಬಹುದು.

ಕೊಡವ ಮನೆಗಳಲ್ಲಿ ಗಂಡುಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು ಹಾರಿಸುವ, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಬಂದಿದೆ. ಹುಟ್ಟುವ ಮೊದಲೇ ಹೋದ ಮಗು ಈ ಎರಡು ಲೆಕ್ಕಕ್ಕೂ ಸುಲಭವಾಗಿ ಸೇರುವುದಿಲ್ಲ. ಮನೆಯ ಹಿರಿಯರು ಏನು ಮಾಡಬೇಕೆಂದು ತಿಳಿಯದೆ ಸುಮ್ಮನಾಗುತ್ತಾರೆ, ಆ ಮೌನವನ್ನು ತಾಯಿ ತನ್ನ ಮೇಲಿನ ದೂರು ಎಂದು ಓದಿಕೊಳ್ಳುತ್ತಾಳೆ. ಯಾವ ಶಾಸ್ತ್ರ ಮಾಡಬೇಕೆಂದು ಹೇಳಲು ಡೂಲಾ ಯಾರೂ ಅಲ್ಲ; ಆದರೆ ಗುರುಕಾರಣರಿಗೆ, ಅಂದರೆ ಕುಲದ ಪೂರ್ವಜರಿಗೆ, ದೀಪ ಹಚ್ಚುವಾಗ ಈ ಮಗುವನ್ನೂ ನೆನೆಯಬಹುದೇ ಎಂದು ಮನೆಯ ಹಿರಿಯರನ್ನು ಕೇಳುವಂತೆ ತಾಯಿಗೆ ಧೈರ್ಯ ಕೊಡಬಹುದು. ತೋಟದ ಲೈನ್‌ಮನೆಗಳಲ್ಲಿ ಸಮಸ್ಯೆ ಬೇರೆ. ಎಳೆ ಮಕ್ಕಳನ್ನು ಸುಡದೆ ಹೂಳುವುದು ಅನೇಕ ಸಮುದಾಯಗಳ ರೂಢಿ, ಅಂಗೈಯಗಲ ಜಮೀನಿಲ್ಲದ ಕುಟುಂಬ ಎಲ್ಲಿ ಹೂಳಬೇಕು? ತೋಟದ ಮಾಲೀಕರನ್ನೋ ಲೆಕ್ಕ ನೋಡುವ ರೈಟರನ್ನೋ ಕೇಳಬೇಕು, ಇಲ್ಲವೇ ಪಂಚಾಯಿತಿಯ ಸ್ಮಶಾನಕ್ಕೆ ಹೋಗಬೇಕು. ಆ ಮಾತನ್ನು ಅಂದೇ, ಆಸ್ಪತ್ರೆಯ ವರಾಂಡದಲ್ಲೇ ಆಡಿಕೊಡುವವರು ಬೇಕಾಗುತ್ತದೆ. ತಂದೆ ಈ ಓಡಾಟದಲ್ಲೇ ಇರುವುದರಿಂದ ಆತನಿಗೂ ಮಗು ಹೋಗಿದೆ ಎಂಬುದನ್ನು ಯಾರೂ ನೆನೆಯುವುದಿಲ್ಲ.

ಕಾಗದಪತ್ರದ ತಿಳಿವಳಿಕೆಯೂ ಡೂಲಾಗೆ ಇರಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸತ್ತು ಹುಟ್ಟಿದ ಮಗುವಿನ ಜನನವನ್ನೂ ವರದಿ ಮಾಡಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆ ರೂಪಿಸಿದ ನಿಯಮದಲ್ಲಿ ಮಗು ಎಂಬ ಪದಕ್ಕೆ ಸತ್ತು ಹುಟ್ಟಿದ ಮಗುವೂ ಸೇರುತ್ತದೆ, ಗರ್ಭಪಾತವಾದರೆ ಆರು ವಾರಗಳ ಸಂಬಳ ಸಹಿತ ರಜೆ ಇದೆ, ತೋಟಗಳೂ ಅದರ ವ್ಯಾಪ್ತಿಯಲ್ಲಿವೆ. ಕೆಲಸ ಮಾಡಿದ ದಿನಗಳ ಷರತ್ತು ಪೂರೈಸಿದ ತೋಟದ ಕಾರ್ಮಿಕಳು ಇದನ್ನು ಕೇಳಬಹುದು ಎಂಬುದೇ ಅನೇಕರಿಗೆ ತಿಳಿದಿಲ್ಲ. ಮೂರನೆಯ ದಿನಕ್ಕೆ ಕಾಫಿ ಕುಯ್ಯಲು ಹೋಗುತ್ತಾರೆ. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ 72 ಗಂಟೆಗಳೊಳಗೆ ಕೊಡುವ ಆ್ಯಂಟಿ–ಡಿ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳುವಂತೆ ಮನೆಯವರಿಗೆ ನೆನಪಿಸಬಹುದು. ಬಸುರಿಗೆ 18 ತುಂಬಿಲ್ಲವೆಂದು ಗೊತ್ತಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯು ವಿಷಯ ತಿಳಿದವರೆಲ್ಲರ ಮೇಲೂ ವರದಿ ಮಾಡುವ ಹೊಣೆ ಹೊರಿಸುತ್ತದೆ. ಗುಟ್ಟು ಕಾಯುತ್ತೇನೆಂಬ ಮಾತನ್ನು ಡೂಲಾ ಇಲ್ಲಿ ಕೊಡುವಂತಿಲ್ಲ.

ಮನೆಗೆ ಹೋದ ಮೇಲೆ ಎರಡರಿಂದ ನಾಲ್ಕನೆಯ ದಿನದ ನಡುವೆ ಹಾಲು ಬರುತ್ತದೆ. ಮಗುವಿಲ್ಲ ಎಂಬುದು ಮೈಗೆ ತಿಳಿಯದು. ಇದನ್ನು ಯಾರೂ ಮುಂಚೆ ಹೇಳಿರದಿದ್ದರೆ ಒದ್ದೆಯಾದ ರವಿಕೆಯನ್ನು ಕಂಡು ಆಕೆ ಕುಸಿದುಹೋಗುತ್ತಾಳೆ. ಮೈಗೆ ಸರಿಯಾಗಿ ಹೊಂದುವ ಒಳ ಉಡುಪು, ತಣ್ಣೀರ ಪಟ್ಟಿ, ಬಿಗಿತ ತಡೆಯಲಾಗದಾಗ ಮಾತ್ರ ಸ್ವಲ್ಪ ಹಿಂಡಿ ತೆಗೆಯುವುದು, ಜ್ವರ ಅಥವಾ ಕೆಂಪು ಊತ ಬಂದರೆ ಆಸ್ಪತ್ರೆ. ಹಾಲು ನಿಲ್ಲಿಸುವ ಮಾತ್ರೆ ಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು. ಆಶಾ ಕಾರ್ಯಕರ್ತೆಯ 42 ದಿನಗಳ ಮನೆಭೇಟಿಗಳು ಮುಖ್ಯವಾಗಿ ಹಸುಗೂಸಿನ ಆರೈಕೆಗೆಂದು ರೂಪುಗೊಂಡಿವೆ. ಕೂಸಿಲ್ಲದ ಮನೆಗೆ ಬಂದು ಏನು ಕೇಳುವುದೆಂದು ಅವರಿಗೂ ಮುಜುಗರ. ಬಾಣಂತನದ ಎಣ್ಣೆ ನೀರು, ಬಿಸಿಯೂಟ, ವಿಶ್ರಾಂತಿ ಈ ತಾಯಿಗೂ ಸಲ್ಲಬೇಕೆಂದು ಮನೆಯವರಿಗೆ ಹೇಳುವುದು ಡೂಲಾ ಮಾಡಬಹುದಾದ ಅತ್ಯಂತ ಸರಳ ಕೆಲಸ, ಬಹುಶಃ ಅತ್ಯಂತ ಮುಖ್ಯವಾದದ್ದು ಕೂಡ. ‘ಹೋಗಲಿ ಬಿಡು, ಇನ್ನೊಂದಾಗುತ್ತೆ’ ಎಂಬ ಸಾಂತ್ವನವನ್ನು ಆಕೆ ಹೇಗೂ ಹತ್ತು ಜನರಿಂದ ಕೇಳುತ್ತಾಳೆ. ‘ಮಗುಗೆ ಹೆಸರು ಯೋಚನೆ ಮಾಡಿದ್ರಾ?’ ಎಂದು ಕೇಳುವವರು ಯಾರೂ ಇರುವುದಿಲ್ಲ.

ದುಃಖ ಎಲ್ಲಿ ಮುಗಿದು ಕಾಯಿಲೆ ಎಲ್ಲಿ ಶುರುವಾಗುತ್ತದೆ ಎಂದು ಗುರುತಿಸುವಷ್ಟು ಕಲಿಕೆ ಡೂಲಾಗೆ ಬೇಕು, ಚಿಕಿತ್ಸೆ ಮಾಡುವಷ್ಟು ಬೇಡ. ಹೆರಿಗೆಯ ಮೊದಲ ವಾರದ ಅಳು ಎರಡು ವಾರಗಳಲ್ಲಿ ತಿಳಿಯಾಗುವುದು ಸಾಮಾನ್ಯ. ಅದಕ್ಕೂ ಮೀರಿ ನಿದ್ರೆ, ಊಟ ಬಿಟ್ಟರೆ, ಸಾಯುವ ಮಾತಾಡಿದರೆ ನೆರವು ಬೇಕು. ಇಲ್ಲದ್ದು ಕಾಣುವುದು, ಕೇಳುವುದು, ನಿದ್ರೆಯಿಲ್ಲದೆ ಅಸಂಬದ್ಧ ಮಾತಾಡುವುದು, ಅಂದರೆ ಹಳಬರು ಬಾಣಂತಿ ಸನ್ನಿ ಎನ್ನುತ್ತಿದ್ದ ಸ್ಥಿತಿ, ಅದೇ ದಿನ ಆಸ್ಪತ್ರೆಗೆ ಒಯ್ಯಬೇಕಾದದ್ದು. 2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಾಣಂತಿಯರ ಮಾನಸಿಕ ಚಿಕಿತ್ಸೆಗೆಂದೇ ವಿಭಾಗವಿದೆ.

ಇಷ್ಟಾದ ಮೇಲೆ ತರಬೇತಿ. 1992ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಡೋನಾ ಮೊದಲಾದ ಸಂಸ್ಥೆಗಳ ಮಾದರಿ ಬಹುತೇಕ ಒಂದೇ: ಕೆಲವು ದಿನಗಳ ಶಿಬಿರ, ನಿಗದಿತ ಓದು, ಸ್ತನ್ಯಪಾನದ ಪಾಠ, ಕೆಲವು ಹೆರಿಗೆಗಳಲ್ಲಿ ಹಾಜರಿ, ಅವುಗಳ ಬಗ್ಗೆ ತಾಯಿಯ ಮತ್ತು ಸಿಬ್ಬಂದಿಯ ಅಭಿಪ್ರಾಯ. ಬೆಂಗಳೂರಿನಂಥ ನಗರಗಳಲ್ಲಿ ಮತ್ತು ಆನ್‌ಲೈನ್‌ನಲ್ಲಿ ಇಂಥ ಕೋರ್ಸುಗಳು ಸಿಗುತ್ತವೆ, ಹೆಚ್ಚಿನವು ಇಂಗ್ಲಿಷಿನಲ್ಲಿ. ಹಣ ಕಟ್ಟುವ ಮೊದಲು ಕೇಳಬೇಕಾದದ್ದು, ಮಗು ಉಳಿಯದ ಹೆರಿಗೆಯ ಬಗ್ಗೆ ಎಷ್ಟು ಗಂಟೆ ಕಲಿಸುತ್ತೀರಿ, ಅನುಭವಿಗಳ ಮಾರ್ಗದರ್ಶನ ಎಷ್ಟು ತಿಂಗಳು ಇರುತ್ತದೆ ಎಂಬುದು. ತನ್ನದೇ ಹೆರಿಗೆಯ ಅಥವಾ ನಷ್ಟದ ನೋವಿನಿಂದ ಈ ಕೆಲಸಕ್ಕೆ ಬರುವವರು ಬಹಳ. ಅದು ಅನರ್ಹತೆಯಲ್ಲ, ಆದರೆ ಇನ್ನೊಬ್ಬಳ ಹಾಸಿಗೆಯ ಪಕ್ಕ ಕೂತು ತನ್ನ ಕಥೆ ಹೇಳಿಕೊಳ್ಳಬೇಕೆನಿಸುವಷ್ಟು ಗಾಯ ಹಸಿಯಾಗಿದ್ದರೆ ಇನ್ನೂ ಕಾಯಬೇಕು.

ಸಂಪಾದನೆಯ ವಿಷಯದಲ್ಲಿ ಭ್ರಮೆ ಬೇಡ. ನಗರದಲ್ಲಿ ಕುಟುಂಬಗಳು ಡೂಲಾಗೆ ಶುಲ್ಕ ಕೊಡುತ್ತವೆ. ಕೊಡಗಿನಲ್ಲಿ ಹೋಂಸ್ಟೇ ನಡೆಸುವ, ತೋಟವಿರುವ ಕೆಲವು ಮನೆಗಳು ಕೊಡಬಹುದು, ಲೈನ್‌ಮನೆಯವರಿಂದ ಕೇಳುವುದೇ ತಪ್ಪು. ಬಾಣಂತನದ ಮನೆಭೇಟಿ, ಎದೆಹಾಲಿನ ಸಲಹೆ ಇವುಗಳಿಂದ ಒಂದಿಷ್ಟು ಆದಾಯ ಮಾಡಿಕೊಂಡು ಉಳಿದದ್ದನ್ನು ಸೇವೆಯಾಗಿ ಇಟ್ಟುಕೊಳ್ಳುವುದು ಸಾಧ್ಯ. ತಿಂಗಳಿಗೆ ಒಪ್ಪಿಕೊಳ್ಳುವ ಹೆರಿಗೆಗಳು ಕಡಿಮೆಯಿರಬೇಕು, ಏಕೆಂದರೆ ದಿನ ತುಂಬುವ ಹಿಂದುಮುಂದಿನ ನಾಲ್ಕು ವಾರ ಫೋನು ಯಾವಾಗ ಬೇಕಾದರೂ ಬರುತ್ತದೆ, ಕೊಯಿಲಿನ ಕಾಲವಿರಲಿ ಹುತ್ತರಿ ಹಬ್ಬವಿರಲಿ. ತನ್ನ ಬದಲಿಗೆ ಹೋಗಬಲ್ಲ ಇನ್ನೊಬ್ಬಳನ್ನು ಗೊತ್ತು ಮಾಡಿಕೊಳ್ಳಬೇಕು. ನಷ್ಟದ ಹೆರಿಗೆಯೊಂದು ಮುಗಿದ ಮೇಲೆ ಹೆಸರು, ಊರು ಬಿಟ್ಟು ನಡೆದದ್ದನ್ನು ಹೇಳಿಕೊಳ್ಳಲು ಹಿರಿಯರೊಬ್ಬರು ಬೇಕು. ಊರೆಲ್ಲ ಒಬ್ಬರಿಗೊಬ್ಬರು ನೆಂಟರಾಗಿರುವ ಚಿಕ್ಕ ಜಿಲ್ಲೆಯಲ್ಲಿ ಆ ಹಿರಿಯರು ಜಿಲ್ಲೆಯ ಹೊರಗಿನವರಾಗಿದ್ದರೆ ಉತ್ತಮ.

ಆರಂಭಿಸುವವರು ಮೊದಲು ನೋಡಬೇಕಾದದ್ದು ತಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನ ಹಿರಿಯ ನರ್ಸ್ ಅವರನ್ನು. ಹೆರಿಗೆ ಸಂಗಾತಿಯ ಬಗ್ಗೆ ಅಲ್ಲಿನ ನಿಯಮವೇನು, ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ, ಸಂಗಾತಿಯರಿಂದ ಅವರಿಗೆ ಆಗುವ ತೊಂದರೆಗಳೇನು ಎಂದು ಕೇಳಿ ಬರೆದುಕೊಳ್ಳಬೇಕು. ಬಳಿಕ ಊರಿನ ಆಶಾ ಕಾರ್ಯಕರ್ತೆಯನ್ನು ಕಂಡು, 9ನೇ ತಾರೀಖಿನ ತಪಾಸಣೆಗೆ ಬರುವವರಲ್ಲಿ ಜೊತೆಗೆ ಯಾರೂ ಇಲ್ಲದವರು ಇದ್ದರೆ ತಿಳಿಸುವಂತೆ ಕೋರಬಹುದು. ವೈದ್ಯಾಧಿಕಾರಿಯ ಅನುಮತಿ ಬರಹದಲ್ಲಿ ಸಿಗುವವರೆಗೆ ಹೆರಿಗೆ ಕೋಣೆಯ ಹೊರಗಿನ ಬೆಂಚೇ ಆಕೆಯ ಜಾಗ, ಮತ್ತು ಅಲ್ಲಿ ಕಾಯುತ್ತಿರುವ ಅಮ್ಮಂದಿರಿಗೂ ಗಂಡಂದಿರಿಗೂ ಆಕೆಯಿಂದ ಆಗಬೇಕಾದ ಕೆಲಸ ಸಾಕಷ್ಟಿದೆ.